ಮೊಮ್ಮಗಳಿಗೆ ನೀರು ಎರೆಯಲು

ಮೊಮ್ಮಗಳಿಗೆ ಮೊದಲ ಸಲ ನೀರು ಎರೆಯಲು ಬಚ್ಚಲಲ್ಲಿ ಕೂತ ದಿನ ನನ್ನ ಮೈ ಎಷ್ಟು ಕೆಟ್ಟಿದೆ ಎಂದು ಗೊತ್ತಾಯಿತು.

ನಮ್ಮಲ್ಲಿ ಕೂಸಿಗೆ ಎರೆಯುವುದು ಹಡೆದವಳ ತಾಯಿಯ ಕೆಲಸ. ಕಾಲು ನೀಡಿ ನೆಲದ ಮೇಲೆ ಕೂರಬೇಕು. ಕೂಸನ್ನು ಕಾಲ ಮೇಲೆ ಮಲಗಿಸಬೇಕು, ಅದರ ತಲೆ ನಮ್ಮ ಪಾದದ ಕಡೆ. ಬಾಗಿ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಬೇಕು. ಮಗಳು ಸುಜಾತಾ ಮದುವೆಯಾಗಿ ಬಹಳ ವರ್ಷದ ಮೇಲೆ ಹಡೆದಿದ್ದಳು. ಈ ಕೂಸಿಗಾಗಿ ನಾನು ಮನೆದೇವರು ಬೀರಪ್ಪನ ಮುಂದೆ ಎಷ್ಟು ಸಲ ಸೆರಗು ಒಡ್ಡಿದ್ದೆನೋ ಅವನಿಗೇ ಗೊತ್ತು. ಕೂಸು ಕಾಲ ಮೇಲೆ ಮಲಗಿತ್ತು. ಬಾಗಿದೆ. ಹೊಟ್ಟೆ ಅಡ್ಡ ಬಂತು. ಉಸಿರು ಹಿಡಿಯಿತು. ಕೈ ಕೂಸಿನ ತಲೆಯ ತನಕ ಹೋಗಲಿಲ್ಲ. ಕಾಲು ನಡುಗಿತು, ಕೂಸು ಒಂದು ಬದಿಗೆ ಜಾರಿತು.

ಸುಜಾತಾ ಹಿಡಿದಳು.

ಆಮೇಲೆ ನನಗೆ ಏಳಲು ಆಗಲಿಲ್ಲ. ಹಸಿ ಬಾಣಂತಿ ಒಂದು ಕಡೆ, ಯಜಮಾನರು ಇನ್ನೊಂದು ಕಡೆ ಹಿಡಿದು ಎಬ್ಬಿಸಿದರು.

ಲೋಕಾಪುರದಿಂದ ಬೀಗತಿ ಸಾವಂತ್ರೆವ್ವ ಕೂಸನ್ನು ನೋಡಲು ಬಂದಳು. ಸುಜಾತಾಳ ಅತ್ತೆ. ನನಗಿಂತ ವಯಸ್ಸಿನಲ್ಲಿ ಹಿರಿಯಳು, ಮೈ ಮಾತ್ರ ಬಾರುಕೋಲು. ಸೀರೆ ಎತ್ತಿ ಕಟ್ಟಿ ನನ್ನ ಮನೆಯ ಬಚ್ಚಲಲ್ಲಿ ಅವಳೇ ಕೂತಳು.

"ಯಲ್ಲವ್ವಕ್ಕಾ, ನೀ ಹೊರಗ ಕುಂತ ನೀರ ಕಾಸ. ಇಬ್ಬರಿಗೂ ಇದರಾಗ ಜಾಗಾ ಸಾಲೂದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಲೆಯ ಹೊಗೆ ಎಂದು ಹೇಳಿ ಕಣ್ಣು ಒರೆಸಿಕೊಂಡೆ.

ನಾನು ಮೊದಲಿನಿಂದ ಹೀಗಿರಲಿಲ್ಲ. ಗಲಗಲಿ ಕಡೆ ಹೊಳೆದಂಡೆಯಲ್ಲಿ ಕುರಿಗಳ ಹಿಂದೆ ದಿನವಿಡೀ ನಡೆದವಳು. ಅಣೆಕಟ್ಟಿನ ಹಿನ್ನೀರು ಬಂದು ಊರನ್ನೇ ಎಬ್ಬಿಸಿ ಎತ್ತರದ ಜಾಗಕ್ಕೆ ಸಾಗಿಸಿದರು. ಹೊಸ ಊರಿನಲ್ಲಿ ಮೇಯಿಸಲು ಜಾಗವಿಲ್ಲ ಎಂದು ಕುರಿ ಮಾರಿದೆವು. ನಡೆಯುವುದು ನಿಂತಿತು, ಉಣ್ಣುವುದು ಮೊದಲಿನಷ್ಟೇ ಉಳಿಯಿತು. ಮೈ ಬಂತು. ಶುಗರ್ ಬಂತು. ಬಿ.ಪಿ. ಬಂತು. ಮೊಣಕಾಲು ಹೋದವು.

ಮಗ ಪರಸು ಮುಧೋಳದಲ್ಲಿ ನೌಕರಿ ಮಾಡುತ್ತಾನೆ. ಅವನು ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರ್ ಹೆಣ್ಣುಮಗಳು. ಗುಳಿಗೆ, ಪಥ್ಯ ಎಲ್ಲ ಮಾಡಿಸಿ ನೋಡಿದರು. ತೂಕ ಇಳಿಯಿತು, ಮತ್ತೆ ಏರಿತು. ಕೊನೆಗೆ, ಜಠರದ ಒಂದು ಭಾಗ ತೆಗೆದು ಅದನ್ನು ಸಣ್ಣದು ಮಾಡುವ ಆಪರೇಷನ್ ಇದೆ, ಬೇಕಾದರೆ ವಿಚಾರ ಮಾಡಿ ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ನೋವು ಮೊಣಕಾಲಿನಲ್ಲಿ. ಕೊಯ್ಯುವುದು ಹೊಟ್ಟೆಯನ್ನು. ಆ ಹೊಟ್ಟೆಗೆ ಏನೂ ಆಗಿಲ್ಲ.

ಅವರು ಮುಚ್ಚಿಡದೆ ಹೇಳಿದರು. ಆಪರೇಷನ್ನಿನಲ್ಲಿ ಅಪಾಯವೂ ಇದೆ. ವಿಟಮಿನ್ ಗುಳಿಗೆ, ಚೆಕಪ್ ಸಾಯುವ ತನಕ. ಆಮೇಲೆ ಬಾಯಿ ಕಟ್ಟದಿದ್ದರೆ ತೂಕ ಮತ್ತೆ ಬರಬಹುದು.

"ತಗದದ್ದು ತಿರುಗಿ ಕೂಡೂದಿಲ್ಲರಿ ಅವ್ವಾರ. ನಿಮಗ ಯಾಕ ಬೇಕು ಅನ್ನೂದು ಮೊದಲ ಹೇಳ್ರಿ."

ಪರಸು ಶುಗರ್ ಸಲುವಾಗಿ ಎಂದ. ನಾನು ಮೊಣಕಾಲು ಎಂದೆ. ಖರೆ ಮಾತು ಹೇಳಲು ನಾಚಿಕೆಯಾಯಿತು. ಕೂಸಿಗೆ ಎರೆಯಲು ಹೊಟ್ಟೆ ಕೊಯ್ಯಿಸಿಕೊಳ್ಳುತ್ತೇನೆ ಎಂದರೆ ನಗುವುದಿಲ್ಲವೇ?

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಜಮಾನರು ಚೆನ್ನಾಗಿರುವ ಹೊಟ್ಟೆಗೆ ಕತ್ತರಿ ಬೇಡ ಎಂದರು. ನೆರೆಮನೆಯವಳು ಯಾರೋ ಸತ್ತರು ಎಂದಳು, ಯಾರು ಎಂದು ಕೇಳಿದರೆ ಗೊತ್ತಿಲ್ಲ ಎಂದಳು. ಮುಂಜಾನೆ ಎದ್ದಾಗ ಮಾಡಿಸಬೇಕು ಅನಿಸುತ್ತಿತ್ತು, ರೊಟ್ಟಿ ಬಡಿಯುವ ಹೊತ್ತಿಗೆ ಬೇಡ ಅನಿಸುತ್ತಿತ್ತು.

ದವಾಖಾನೆಯಲ್ಲಿ ಪಥ್ಯ ಹೇಳುವ ಡಯಟಿಷಿಯನ್, ಆಪರೇಷನ್ ಆದ ಮೇಲಿನ ಊಟವನ್ನು ಮೊದಲೇ ರೂಢಿ ಮಾಡಿ ನೋಡಿ ಎಂದಿದ್ದಳು. ಸಣ್ಣ ಬಟ್ಟಲು, ಚೂರು ರೊಟ್ಟಿ, ನುಣ್ಣಗಾಗುವ ತನಕ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು. ಎಲ್ಲರೂ ಉಂಡು ಕೈ ತೊಳೆದು ಎದ್ದು ಹೋಗುತ್ತಿದ್ದರು. ನಾನೊಬ್ಬಳೇ ಗೋಡೆ ನೋಡುತ್ತಾ ಅಗಿಯುತ್ತಿದ್ದೆ. ದೇವರ ಹೆಸರಿನಲ್ಲಿ ಎಷ್ಟೋ ವರ್ಷ ಒಪ್ಪತ್ತು ಮಾಡಿದವಳು ನಾನು, ಹಸಿವು ನನಗೆ ಹೊಸದಲ್ಲ ಎಂದುಕೊಂಡಿದ್ದೆ. ಆದರೆ ಒಪ್ಪತ್ತು ಮರುದಿನ ಮುಗಿಯುತ್ತದೆ.

ಇದು ಮುಗಿಯುವುದಿಲ್ಲ.

ಮತ್ತೆ ಬೆಳಗಾವಿಗೆ ಹೋದಾಗ ಸುಜಾತಾ ಕೂಸನ್ನು ಎತ್ತಿಕೊಂಡು ಜೊತೆಗೆ ಬಂದಿದ್ದಳು. ಅದು ಆಗಲೇ ಅಂಬೆಗಾಲಿಡುತ್ತಿತ್ತು. ಡಾಕ್ಟರ್ ಮತ್ತೆ ಅದನ್ನೇ ಕೇಳಿದರು. ಈ ಸಲ ಹೇಳಿಬಿಟ್ಟೆ.

"ಮೊಮ್ಮಗಳಿಗೆ ಕಾಲ ಮ್ಯಾಲ ಹಾಕ್ಕೊಂಡು ಎರೀಬೇಕ್ರಿ."

ಅವರು ನಗಲಿಲ್ಲ. "ಆಪರೇಷನ್ ಆಗಿ ನಿಮ್ಮ ತೂಕಾ ಇಳಿಯೂದ್ರಾಗ ಅಕಿ ದೊಡ್ಡಾಕಿ ಆಗಿರತಾಳ್ರಿ. ಆವಾಗ ಏನ ಮಾಡತೀರಿ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ಕೂಸು ಬಾಗಿಲು ದಾಟಿ ಹೊರಗೆ ಹೊರಟಿತು. ಹೊರಗೆ ಸ್ಟ್ರೆಚರ್ ತಳ್ಳಿಕೊಂಡು ಬರುತ್ತಿದ್ದರು. ನಾನು ಗಡಬಡಿಸಿ ಎದ್ದೆ.

ಕುರ್ಚಿಯೂ ನನ್ನ ಜೊತೆಗೇ ಎದ್ದಿತು.

ಅದರ ಕೈಗಳ ನಡುವೆ ನನ್ನ ಸೊಂಟ ಸಿಕ್ಕಿತ್ತು. ಸುಜಾತಾ ಓಡಿ ಕೂಸನ್ನು ಎತ್ತಿಕೊಂಡಳು, ಪರಸು ಕುರ್ಚಿ ಬಿಡಿಸಿದ. ನಾನು ಸೆರಗು ಸರಿ ಮಾಡಿಕೊಂಡು ನಿಂತೇ ಹೇಳಿದೆ.

"ಆವಾಗ ಅಕಿ ಓಡತಾಳ್ರಿ. ನಾ ಬೆನ್ನ ಹತ್ತಬೇಕಲ್ರಿ."

ಟೆಸ್ಟು, ಸ್ಕ್ಯಾನು ಎಲ್ಲ ಮುಗಿಸಿ ಆಪರೇಷನ್ ಮಾಡಿದರು. ವಾರ್ಡಿನಲ್ಲಿ ನನ್ನ ಮಗ್ಗುಲಿಗೆ ಬಂದು ಕೂತವಳು ಯಾರು? ಬೀಗತಿ. ನಾನು ಒಂದು ಚಮಚ ಗಂಜಿಗೇ ಸಾಕು ಎಂದಾಗ ಅವಳು ಬೇರೆ ಕಡೆ ಮುಖ ತಿರುಗಿಸಿದಳು. ಅವತ್ತು ಏನೂ ಚೇಷ್ಟೆ ಮಾಡಲಿಲ್ಲ.

ಮನೆಗೆ ಬಂದ ಮೇಲೆ ಕಷ್ಟದ ದಿನಗಳೇ. ಒಂದು ತುತ್ತು ಅವಸರ ಮಾಡಿದರೆ ವಾಂತಿ. ಕೂದಲು ಉದುರಿತು. ತೋಳಿನ ಚರ್ಮ ಜೋತುಬಿತ್ತು. ಯಾಕಾದರೂ ಮಾಡಿಸಿಕೊಂಡೆನೋ ಎಂದು ಅತ್ತಿದ್ದೇನೆ. ಹೀಗೆ ಅಳುತ್ತಲೇ ಒಂದು ದಿನ ಕೆನಾಲಿನ ತನಕ ನಡೆದು ಹೋಗಿ ಬಂದೆ, ನಡುವೆ ಎಲ್ಲಿಯೂ ಕೂರಲಿಲ್ಲ. ಶುಗರ್ ಗುಳಿಗೆಯನ್ನು ಡಾಕ್ಟರ್ ಕಡಿಮೆ ಮಾಡಿದರು.

ಈಗ ಊರಿನ ಹೆಂಗಸರು ಬಂದು, ನಾನೂ ಮಾಡಿಸಿಕೊಳ್ಳಲೇನು ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನಾನು ಮಾಡಿದ್ದು ಸರಿಯೋ ಎಂದು ಹಬ್ಬದ ದಿನ ಹೋಳಿಗೆಯ ತಾಟು ಮುಂದೆ ಬಂದಾಗ ಈಗಲೂ ಅನುಮಾನ ಬರುತ್ತದೆ. ಯಾಕೆ ಬೇಕು ಅನ್ನುವ ಖರೆ ಕಾರಣವನ್ನು ಡಾಕ್ಟರ ಮುಂದೆ ನಾಚದೆ ಹೇಳಿ, ಅವರು ಏನು ಕೇಳುತ್ತಾರೆ ನೋಡಿ ಎನ್ನುತ್ತೇನೆ. ಅಷ್ಟೇ ನನ್ನ ಬುದ್ಧಿ.

ಮೊನ್ನೆ ಸುಜಾತಾ ಬಂದಿದ್ದಳು, ಜೊತೆಗೆ ಬೀಗತಿ. ಮೊಮ್ಮಗಳು ಈಗ ಅಂಗಳದ ತುಂಬ ಓಡುತ್ತಾಳೆ. ಬೆನ್ನು ಹತ್ತಿ ಹಿಡಿದೆ. ಹಿಡಿದವಳನ್ನು ಬಚ್ಚಲಿಗೆ ಒಯ್ದು, ಗೋಡೆ ಹಿಡಿದು ನೆಲದ ಮೇಲೆ ಕೂತೆ, ಕಾಲು ನೀಡಿದೆ. ಅವಳು ಕಿಲಕಿಲ ನಗುತ್ತಾ ಮಲಗಿದಳು.

"ಏನ ಯಲ್ಲವ್ವಕ್ಕಾ," ಬೀಗತಿ ಬಾಗಿಲಲ್ಲಿ ನಿಂತಿದ್ದಳು, "ಮುಂದಿನ ವರ್ಷ ಸಾಲಿಗೆ ಹೋಗೂ ಹುಡುಗಿನ್ನ ಕಾಲ ಮ್ಯಾಲ ಹಾಕ್ಕೊಂಡಿ?"

"ನೀ ಹೊರಗ ಕುಂತ ನೀರ ಕಾಸ," ಎಂದೆ.

ಅವಳು ನಗುತ್ತಾ ಒಲೆಯ ಮುಂದೆ ಕೂತಳು.

ಹುಡುಗಿ ಉದ್ದ ಆಗಿದ್ದಾಳೆ. ತಲೆ ನನ್ನ ಪಾದದ ಮೇಲೆ ಬಂತು. ಅವಳ ಕಾಲಿಗೆ ಜಾಗ ಎಲ್ಲಿ ಎಂದು ನೋಡಿದೆ. ಮೊದಲು ನನ್ನ ಹೊಟ್ಟೆ ಇದ್ದಲ್ಲಿ ಅವಳ ಕಾಲು ಬಂದು ಕೂತಿದ್ದವು.

ತಂಬಿಗೆ ತುಂಬಿಕೊಂಡು ಬಾಗಿದೆ. ಕೈ ತಲೆಗೆ ಮುಟ್ಟಿತು.