ಬಿಚ್ಚಿದ ಅಳತೆ ಅಂಗಿ

ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಟಲಿನ ಆಪರೇಷನ್ನಿಗೆ ಮೊದಲು ಅಕ್ಕ ಅವರನ್ನು ಕೂರಿಸಿ, ಪದಪದವಾಗಿ ಹೇಳಿಸಿ, ದನಿಯನ್ನು ಕಂಪ್ಯೂಟರಿನಲ್ಲಿ ತುಂಬಿಕೊಂಡಿದ್ದಳು. ಆ ತುಣುಕುಗಳನ್ನು ಜೋಡಿಸಿ ವಾಕ್ಯ ಮಾಡುವ ಪ್ರೋಗ್ರಾಂ ಬರೆದವಳೂ ಅವಳೇ. ಈಗ ಅಪ್ಪ ಕೀಲಿ ಒತ್ತಿದರೆ ಅವರದೇ ದನಿ ಹೊರಡುತ್ತದೆ. ಹೆಚ್ಚು ಸವೆದಿರುವುದು ‘ನಾಳೆ ಬನ್ನಿ’ ಎನ್ನುವ ಕೀಲಿ. ದನಿ ಹೋದರೂ ದರ್ಜಿಯ ಬುದ್ಧಿ ಹೋಗಲಿಲ್ಲವೆಂದು ಗಿರಾಕಿಗಳು ನಗುತ್ತಾರೆ.

ಸಂಜೆಗೆ ಇನ್ನೊಂದು ಕೀಲಿ. ಅತ್ತೆಯ ಮನೆಯಲ್ಲಿರುವ ಅಜ್ಜಿ ದಿನವೂ ಫೋನು ಮಾಡುತ್ತಾಳೆ. ಅವಳಿಗೆ ಕಣ್ಣು ಮಂಜು, ಬರೆದು ಕಳಿಸಿದರೆ ಕಾಣದು. ‘ಊಟಕ್ಕೆ ಏಳು ಅಮ್ಮ’ ಎಂದು ಮಗನ ದನಿ ಕೇಳಿದ ಮೇಲೆಯೇ ತಟ್ಟೆಯ ಮುಂದೆ ಕೂರುವುದು.

ಹೋದ ಭಾನುವಾರ ಅಕ್ಕ ಹೊಸ ವಾಕ್ಯವೊಂದನ್ನು ಸೇರಿಸಲು ಕೂತಳು. ಅಜ್ಜಿಗೆ ಕೆಮ್ಮು, ‘ಔಷಧಿ ತಗೊಂಡ್ಯಾ’ ಎಂಬ ಮಾತು ಬೇಕೆಂದು ಅಪ್ಪ ಚೀಟಿಯಲ್ಲಿ ಬರೆದಿದ್ದರು. ಪ್ರೋಗ್ರಾಂ ಕಟ್ಟುವ ಸಲಕರಣೆಗಳನ್ನು ಅಪ್‌ಡೇಟ್ ಮಾಡೆಂದು ಪರದೆ ಬಹಳ ದಿನಗಳಿಂದ ಪೀಡಿಸುತ್ತಿತ್ತು. ಅಕ್ಕ ಹಾಳಾಗಿ ಹೋಗಲೆಂದು ಒಪ್ಪಿದಳು. ಆಮೇಲೆ ರೂಢಿಯಂತೆ, ಓಡುತ್ತಿದ್ದ ಹಳೆಯ ಪ್ರೋಗ್ರಾಂ ಅಳಿಸಿ ಹೊಸದಾಗಿ ಕಟ್ಟಲು ಹೊರಟಳು. ಅವಳು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಬೇಕಾದ ಕಂಪೈಲರ್ ಮೊದಲ ಸಾಲಿಗೇ ಮುನಿಸಿಕೊಂಡಿತು. ಬೇಕಾದ ಕಡತ ಸಿಗುತ್ತಿಲ್ಲವಂತೆ. ಕಡತ ಪಕ್ಕದ ಫೋಲ್ಡರಿನಲ್ಲೇ ಇತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುತ್ತೆ ಎಂದು ಅಕ್ಕ ಬೈದಳು. ದಾರಿ ತೋರಿಸಿಕೊಟ್ಟರೆ, ನೀನು ಬರೆದ ರೀತಿಯೇ ಹಳತು ಎಂದಿತು. ಅದನ್ನು ತಿದ್ದಿದರೆ ತಪ್ಪು ತೋರಿಸುವ ಕೆಂಪು ಸಾಲುಗಳು ಇನ್ನಷ್ಟು ಹೆಚ್ಚಿದವು. ಹಳೆಯ ಕಂಪೈಲರನ್ನೇ ಕರೆತರೋಣವೆಂದರೆ ಹೊಸದು ಅದಕ್ಕೆ ಜಾಗ ಬಿಡಲಿಲ್ಲ.

ಮಧ್ಯಾಹ್ನ ಕಳೆಯಿತು. ನಾನು ಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಅಪ್ಪ ಗಿರಾಕಿಗಳಿಗೆ ಕೈಸನ್ನೆಯಲ್ಲೇ ನಾಳೆ ಬರಹೇಳುತ್ತಿದ್ದರು. ಹಳೆಯದನ್ನು ಅಳಿಸದೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನಾನು ಕೇಳಬಾರದಿತ್ತು, ಕೇಳಿದೆ.

“ಹೊಸದು ಹೊಲಿಯೋ ಮುಂಚೆನೇ ಅಳತೆ ಅಂಗಿ ಬಿಚ್ಚಿ ಹಾಕ್ದೆ ಕಣೇ. ದರ್ಜಿ ಮಗಳು ನಾನು,” ಎಂದಳು. ನಗಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಫೋನು ಬಂತು. ಅಪ್ಪ ಎತ್ತಿಕೊಂಡು, ಏನೂ ಮಾಡಲಾಗದೆ, ಅದರ ಸ್ಪೀಕರ್ ಒತ್ತಿ ಹೊಲಿಗೆ ಯಂತ್ರದ ಪಕ್ಕಕ್ಕಿಟ್ಟು ಪೆಡಲ್ ತುಳಿದರು. ತಾನಿದ್ದೇನೆಂದು ತಿಳಿಯಲಿ ಎಂದಿರಬೇಕು.

“ಕೆಲಸ ಜಾಸ್ತಿನಾ? ಆಗ್ಲಿ, ಮುಗಿಸು. ನಂಗೇನು ಅವಸರ ಇಲ್ಲ, ಆಮೇಲೆ ಉಣ್ತೀನಿ,” ಎಂದಿತು ಅಜ್ಜಿಯ ದನಿ.

ನಾನು ಫೋನು ಕಸಿದು ವಿಷಯ ಹೇಳಿದೆ. ಅವಳು ಕೇಳಿಸಿಕೊಂಡು, ಇರಲಿ ಬಿಡು, ಕಾಯುತ್ತೇನೆ ಎಂದಳು.

ಅಕ್ಕ ಎದ್ದು ಬಂದು ಫೋನನ್ನು ಕಂಪ್ಯೂಟರಿನ ಸ್ಪೀಕರಿಗೆ ಒತ್ತಿ ಹಿಡಿದಳು. ತುಣುಕುಗಳ ಫೋಲ್ಡರ್ ತೆರೆದು ಒಂದೊಂದನ್ನೇ ಕೈಯಿಂದ ನುಡಿಸಿದಳು. “ಊಟಕ್ಕೆ.” ಪಟ್ಟಿಯಲ್ಲಿ ಕೆಳಕ್ಕೆ ಹೋಗಿ ಹುಡುಕಾಟ. “ಏಳು.” ಮತ್ತೆ ಮೇಲಕ್ಕೆ. “ಅಮ್ಮ.”

“ತೊದಲ್ತಾ ಇದ್ದೀಯಲ್ಲೋ. ಹಸಿದಿರ್ಬೇಕು. ಮೊದಲು ನೀನು ಉಣ್ಣು,” ಎಂದಳು ಅಜ್ಜಿ. ತಟ್ಟೆ ಎಳೆದುಕೊಂಡ ಸದ್ದು ಕೇಳಿಸಿತು.

ಅಪ್ಪ ಅಕ್ಕನ ತಲೆ ಮುಟ್ಟಲು ಕೈ ಚಾಚಿದರು. ಅವಳು ಸರಿದು ಮತ್ತೆ ಪರದೆಯ ಮುಂದೆ ಕೂತಳು.

“ಕೈಹೊಲಿಗೆ ಎಷ್ಟು ದಿನ ನಿಲ್ಲುತ್ತೆ,” ಎಂದು ಗೊಣಗಿ ಕಂಪೈಲರಿಗೆ ಇನ್ನೊಮ್ಮೆ ಚಾಲನೆ ಕೊಟ್ಟಳು. ಮೊದಲ ಸಾಲು ಕೆಂಪಗೇ ಬಂತು.