ಬಾಯ್ಲರಿಗೆ ಅಮ್ಮನ ಪಿನ್ನು

ಮೆಕ್ಯಾನಿಕ್ ನಮ್ಮ ಬಾಯ್ಲರಿನ ಬರ್ನರ್ ಬಿಚ್ಚಿ, ಕಟ್ಟಿಕೊಂಡಿದ್ದ ನಾಝಲಿನ ತೂತು ತೋರಿಸಿದ್ದೇ ತಡ, ಅಮ್ಮ ಬಳೆಯಲ್ಲಿದ್ದ ಪಿನ್ನು ತೆಗೆದು ಚಾಚಿದರು. ಬಾಯ್ಲರ್ ಕೆಟ್ಟು, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಹತ್ತಿರದ ಹಳ್ಳಿಯ ಆ ಮನೆ ಹಿಂದಿನ ದಿನದಿಂದ ಚಳಿಗೆ ಕೊರೆಯುತ್ತಿತ್ತು.

"ಸೀಮೆಎಣ್ಣೆ ವಾಸ್ನೆ ಬರ್ತಿದೆ ಕಣೋ. ನಮ್ಮ ಪಂಪ್ ಸ್ಟವ್ ಥರಾನೇ. ಚುಚ್ಚಿದ್ರೆ ಸರಿಹೋಗತ್ತೆ!"

ನಗುತ್ತಲೇ ಅನುವಾದಿಸಿದೆ. ಆತ ನಗಲಿಲ್ಲ. ಹೌದು, ಸೀಮೆಎಣ್ಣೆಯೇ ಎಂದ. ಪಂಪು ಅದನ್ನು ಈ ತೂತಿನಿಂದ ತುಂತುರಾಗಿ ಚಿಮ್ಮಿಸುತ್ತದೆ, ಕಿಡಿ ಹೊತ್ತಿಸುತ್ತದೆ, ಆ ಉರಿಗೆ ಕಾದ ನೀರು ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೆ ಹರಿಯುತ್ತದೆ. "ಆದರೆ ಚುಚ್ಚಬೇಡಿ. ತೂತು ಕೆಟ್ಟರೆ ಬರೀ ಮಸಿ" ಎನ್ನುತ್ತ ಹೊಸ ನಾಝಲ್ ಹಾಕಿ, ಹಳೆಯದನ್ನು ಅಮ್ಮನ ಅಂಗೈಯಲ್ಲಿಟ್ಟ.

ಮೂರು ವರ್ಷದಿಂದ ಆ ಬಾಯ್ಲರಿನ ಗುಂಡಿ ಒತ್ತುತ್ತಿದ್ದ ಇಂಜಿನಿಯರ್ ನಾನು. ಒಳಗೆ ಉರಿಯುವುದೇನೆಂದು ಪತ್ತೆಹಚ್ಚಿದವರು, ಊರಿಂದ ಬಂದು ಮೂರೇ ದಿನವಾಗಿದ್ದ ಅಮ್ಮ.