ಡ್ರಾಯಿಂಗ್ ಟೀಚರ್ ಬರೆದ ಗೋಡೆ

ಕಳೆದ ಮಾರ್ಚಿನಲ್ಲಿ, ನಾನೀಗ ಅಡುಗೆ ಕೆಲಸಕ್ಕಿರುವ ಮಣಿಪಾಲದ ಹಾಸ್ಟೆಲಿನ ಹಿತ್ತಿಲಲ್ಲಿ ಯಾರೋ ತರಗೆಲೆ ಗುಡ್ಡೆ ಹಾಕಿ ಗೇರುಬೀಜ ಸುಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಸಿಪ್ಪೆಯ ಎಣ್ಣೆ ಹೊತ್ತಿಕೊಂಡ ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ನನ್ನ ಕೈ ನಿಂತಿತು. ಜೊತೆಯವಳು ಎಂತ ಆಯಿತೆಂದು ಕೇಳಿದಳು. ಹೊಗೆಗೆ ಕಣ್ಣುರಿ ಎಂದೆ. ನನಗೆ ಡ್ರಾಯಿಂಗ್ ಟೀಚರ್ ನೆನಪಾಗಿದ್ದರು...

ಕಾರ್ಕಳದ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷ ಬೀಜ ಒಡೆದವಳು. ರಸ್ತೆಯ ಆಚೆ ಬಾಡಿಗೆ ಕೋಣೆಯಲ್ಲಿ ಟೀಚರ್ ಒಬ್ಬರೇ ಇದ್ದರು. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಹೈಸ್ಕೂಲಿನಲ್ಲಿ ಚಿತ್ರ ಕಲಿಸುತ್ತಿದ್ದರು, ಖಾಯಂ ಕೆಲಸವಲ್ಲ. ಬೆಳಿಗ್ಗೆ ಎದುರಾದರೆ ನಾವು ನಗುತ್ತಿದ್ದೆವು, ಅವರು ತಲೆಯಾಡಿಸುತ್ತಿದ್ದರು. ಅಷ್ಟೇ ಪರಿಚಯ.

ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಬೀಜ ಬರುತ್ತಿಲ್ಲ, ಇನ್ನು ನೀವೂ ಬರುವುದು ಬೇಡ ಎಂದು ಕಾವಲಿನವನು ಹೇಳಿದ. ಮರುದಿನವೂ ಹೋದೆವು, ಅದರ ಮರುದಿನವೂ, ಬುತ್ತಿ ಕಟ್ಟಿಕೊಂಡು ಎಂದಿನ ಹೊತ್ತಿಗೇ. ಬೇರೆಲ್ಲಿಗೆ ಹೋಗುವುದೆಂದು ಗೊತ್ತಿಲ್ಲದೆ ಕಾಂಪೌಂಡಿನ ಬುಡದಲ್ಲಿ ಕೂತೆವು. ಬಾಗಿಲು ತೆರೆಯಿರಿ, ಇಲ್ಲದಿದ್ದರೆ ಯಜಮಾನರ ಇನ್ನೊಂದು ಕಾರ್ಖಾನೆಗಾದರೂ ನಮ್ಮನ್ನೆಲ್ಲ ಒಟ್ಟಿಗೆ ಸೇರಿಸಿಕೊಳ್ಳಿ ಎಂಬ ಬೇಡಿಕೆ ಹುಟ್ಟಿದ್ದು ಹಾಗೆ ಕೂತಲ್ಲೇ. ಆದರೆ ಯಾರೂ ಬಂದು ಕೇಳಲಿಲ್ಲ. ಮೂವತ್ತು ಮಂದಿ ಇದ್ದವರು ಹತ್ತಾದೆವು.

ಆಗಲೇ ಟೀಚರ್ ರಸ್ತೆ ದಾಟಿ ಬಂದದ್ದು. ಶಾಲೆಗೆ ಖಾಯಂ ಮಾಸ್ತರರು ಬಂದದ್ದರಿಂದ ಇವರನ್ನು ಕೆಲಸದಿಂದ ಬಿಡಿಸಿದ್ದರು. ನಮ್ಮೆದುರು ನಿಂತು, "ಬೆಳಿಗ್ಗೆ ಎದ್ದು ಹೋಗಲಿಕ್ಕೆ ನನಗೂ ಈಗ ಜಾಗ ಇಲ್ಲ. ನಿಮ್ಮೊಟ್ಟಿಗೆ ಕೂತರೆ ಆದೀತಾ?" ಎಂದು ಕೇಳಿದರು.

ಎರಡು ದಿನ ಸುಮ್ಮನೆ ಕೂತರು. ಮೂರನೆಯ ದಿನ ಕಪ್ಪು ಪೇಂಟಿನ ಡಬ್ಬಿ ತಂದು, ರಸ್ತೆಗೆ ಮುಖ ಮಾಡಿದ ಗೋಡೆಯ ಮೇಲೆ ನಮ್ಮನ್ನು ಬರೆಯತೊಡಗಿದರು. ಬೀಜ ಒಡೆಯುವಾಗ ಕೂರುವ ಹಾಗೆಯೇ ಸಾಲಾಗಿ, ಆಳೆತ್ತರಕ್ಕೆ. ಎದುರಿಗೆ ಬೀಜವಿಲ್ಲ, ಕೈಯೆಲ್ಲ ಖಾಲಿ. ಬರೆಯುವಾಗ ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದರು. ಎಷ್ಟು ವರ್ಷವಾಯಿತು, ಮನೆಯಲ್ಲಿ ಯಾರಿದ್ದಾರೆ ಎಂದು. ಬರುವುದು ಬಿಟ್ಟವರ ಮನೆಗಳಿಗೂ ಹೋಗಿ, ಕೇಳಿ, ಮುಖ ನೋಡಿಕೊಂಡು ಬಂದು ಬರೆದರು. ಹಾಗೆ ತನ್ನ ಚಿತ್ರ ನೋಡಲು ಬಂದ ಒಬ್ಬ ಅಜ್ಜಿ ಅಲ್ಲೇ ಕೂತುಬಿಟ್ಟರು. ಗೋಡೆಯಲ್ಲಿ ನಾನು ಇದ್ದೇನಲ್ಲ, ಮನೆಯಲ್ಲಿ ಎಂತ ಮಾಡುವುದು ಎಂದರು. ನಾವು ಮತ್ತೆ ಮೂವತ್ತಾದೆವು. ಬಸ್ಸುಗಳು ಅಲ್ಲಿ ನಿಧಾನವಾಗುತ್ತಿದ್ದವು. ಒಂದು ದಿನ ಯಜಮಾನರ ಕಡೆಯವರು ಮಾತಿಗೆ ಕರೆದರು, ಎರಡನೆಯ ಸಲವೂ ಕರೆದರು.

ಆ ವಾರವೇ ಕಾರ್ಖಾನೆಯ ಸೂಪರ್‌ವೈಸರ್ ನಮ್ಮ ಮನೆಗೆ ಬಂದ. ಕಾಪು ಕಡೆ ಯಜಮಾನರ ಪರಿಚಯದವರ ಕಾರ್ಖಾನೆಯಲ್ಲಿ ನನಗೊಂದು ಕೆಲಸ ಉಂಟು, ಆದರೆ ಗೋಡೆಯಲ್ಲಿ ಮುಖ ಇರುವವರನ್ನು ಅಲ್ಲಿ ಸೇರಿಸುವುದಿಲ್ಲ ಎಂದ. ಮೀನಿನ ಬೋಟಿಗೆ ಹೋಗುತ್ತಿದ್ದ ನನ್ನ ಗಂಡ ಬೆನ್ನಿಗೆ ಪೆಟ್ಟಾಗಿ ಮಲಗಿದ್ದರು. ಹೆಣ್ಣುಮಕ್ಕಳಿಬ್ಬರು ಶಾಲೆಗೆ ಹೋಗುತ್ತಿದ್ದರು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಅದು ಈಗ ನೆನಪಾದರೆ ನನಗೇ ಹೆದರಿಕೆಯಾಗುತ್ತದೆ.

ಕಾಪುವಿನ ಕೆಲಸದ ವಿಷಯ ಹೇಳಿ, ನನ್ನನ್ನು ಅಳಿಸಿಬಿಡಿ ಎಂದು ಟೀಚರನ್ನು ಕೇಳಿದೆ. ಅವರು ತಮ್ಮ ಕೋಣೆಯಿಂದ ಸುಣ್ಣದ ಬಕೆಟ್ಟು, ಕುಂಚ ತಂದು ನನ್ನ ಕೈಗೆ ಕೊಟ್ಟರು.

"ಕೆಲಸ ಸಿಗುವುದಾದರೆ ಸಿಗಲಿ. ನೀವೇ ಅಳಿಸಿ. ನನ್ನ ಕೈಯಲ್ಲಿ ಆಗುವುದಿಲ್ಲ."

ಎಲ್ಲರೂ ನೋಡುತ್ತಿದ್ದಂತೆ ನಾನು ನನ್ನ ಮುಖಕ್ಕೆ ಸುಣ್ಣ ಬಳಿದೆ. ಒಂದು ಸಲಕ್ಕೆ ಕಣ್ಣು ಹೋಗಲಿಲ್ಲ, ಮತ್ತೊಮ್ಮೆ ಬಳಿಯಬೇಕಾಯಿತು. ಯಾರೂ ಬೈಯಲಿಲ್ಲ. ಮರುದಿನ ಇಬ್ಬರು ಅದೇ ಕುಂಚ ಕೇಳಿದರಂತೆ, ಆಮೇಲೆ ಐವರು... ಮೂರನೆಯ ಮಾತುಕತೆಗೆ ಯಾರೂ ಕರೆಯಲಿಲ್ಲ. ಕಾರ್ಖಾನೆಯ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಟೀಚರ್ ಕೋಣೆ ಖಾಲಿ ಮಾಡಿದರು.

ಮುಂದಿನ ಮಳೆಗಾಲದಲ್ಲಿ ಒಮ್ಮೆ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಂಡೆ. ಸುಣ್ಣವೆಲ್ಲ ಮಳೆಗೆ ಇಳಿದುಹೋಗಿ ಕಪ್ಪು ಪೇಂಟು ಹಾಗೆಯೇ ಎದ್ದು ಬಂದಿತ್ತು. ಸಾಲಿನಲ್ಲಿ ಎಲ್ಲರೂ ಇದ್ದರು. ನಾನೂ ಇದ್ದೆ, ಕಣ್ಣ ಕೆಳಗೆ ಬಿಳಿ ಗೆರೆಗಳೊಂದಿಗೆ, ಬಸ್ಸಿನ ಕಡೆಗೇ ನೋಡಿಕೊಂಡು. ಆಮೇಲೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಆಚೆ ಬದಿಯ ಸೀಟು ಹುಡುಕುತ್ತಿದ್ದೆ. ಆಚೆ ಬದಿಯಲ್ಲಿ ಕೂತರೂ ಆ ಜಾಗ ಬಂತೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಕಾಪುವಿನ ಕೆಲಸವೂ ಏಳು ತಿಂಗಳಿಗೆ ಮುಗಿಯಿತು. ಬೀಜ ಒಡೆಯುವ ಮಿಷನ್ ಬಂತು.

ಹಾಸ್ಟೆಲಿನ ಹಿತ್ತಿಲಲ್ಲಿ ಆ ಹೊಗೆ ಎದ್ದ ವಾರವೇ ರಜೆ ಕೇಳಿ ಇನ್ನಂಜೆಗೆ ಹೋದೆ. ತಮ್ಮ ತವರು ಅಲ್ಲಿ ಎಂದು ಟೀಚರ್ ಒಮ್ಮೆ ಹೇಳಿದ್ದರು. ಗದ್ದೆಯ ಬದುವಿನಲ್ಲಿ ಇಬ್ಬರನ್ನು ಕೇಳಿ ಮನೆ ಸಿಕ್ಕಿತು. ಬಾಗಿಲು ತೆರೆದವರು ಅವರ ಅಕ್ಕ. ಟೀಚರ್ ತೀರಿಹೋಗಿ ಎರಡು ವರ್ಷವಾಗಿತ್ತು.

ನಾನು ಯಾವ ಕಾರ್ಖಾನೆಯವಳೆಂದು ಹೇಳಿದ ಕೂಡಲೇ ಒಳಗೆ ಕರೆದು ಕೂರಿಸಿದರು.

"ನಿಮ್ಮದೇ ಮಾತು ಅವಳಿಗೆ, ಕಡೆಯವರೆಗೂ. ಗುರುತು ಸಿಗುವ ಹಾಗೆ ಮುಖ ಬರೆಯಬಾರದಿತ್ತು, ನನ್ನಿಂದ ಪಾಪ ಆ ಹೆಂಗಸರು ಒಬ್ಬರಿಗೊಬ್ಬರು ತಲೆ ತಗ್ಗಿಸುವ ಹಾಗಾಯಿತು ಅಂತ. ಮತ್ತೆ ಅವಳು ಬ್ರಷ್ಷು ಮುಟ್ಟಲಿಲ್ಲ ಮಾರಾಯ್ತಿ."

ಮೊದಲು ಸುಣ್ಣ ಬಳಿದವಳು ನಾನು, ತಪ್ಪು ನನ್ನದು ಎಂದು ಹೇಳಲಿಕ್ಕೇ ಅಲ್ಲಿಯವರೆಗೆ ಹೋದದ್ದು. ಕೇಳಬೇಕಾದವರು ಇರಲಿಲ್ಲ. ಇದ್ದವರಿಗೆ ಹೇಳಲು ಬಾಯಿ ಬರಲಿಲ್ಲ... ಅಕ್ಕ ಬೆಲ್ಲ, ನೀರು ತಂದಿಟ್ಟು ನನ್ನ ಹೆಸರು ಕೇಳಿದರು. ನೀರು ಕುಡಿದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.